ಗಾಡಿ ನೋಡಲು ಬಂದವರು

ಜಗದೇವಿ ಫೋನಿನಲ್ಲಿ ಆಡಿದ ಮಾತು ಪೂರ್ತಿ ಕಿವಿಗೆ ಬಿದ್ದಿದ್ದರೆ ಸೂರ್ಯಕಾಂತನ ಆ ಭಾನುವಾರ ನೆಮ್ಮದಿಯಿಂದ ಕಳೆದುಹೋಗುತ್ತಿತ್ತು. ಬಿದ್ದದ್ದು ಅರ್ಧ. ಅವನು ಬಚ್ಚಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಹಲ್ಲುಜ್ಜುವ ಬ್ರಷ್ಷಿನಿಂದ ಸ್ಟೀಲಿನ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕುತ್ತಿದ್ದಾಗ, ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಕೇಳಿಸಿತು.

"ಹೂಂ ತಮ್ಮಾ, ತಗೊಳ್ಳೋರನ್ನ ಇವತ್ತೇ ಕಳಸು. ಆ ಗಾಡಿ ಹೋದ್ರ ಮನಿ ಹಸನಾಗ್ತದ. ಇವರಿಗಿ ಏನೂ ಹೇಳಬ್ಯಾಡ, ಆಮ್ಯಾಲ ನಾನೇ ಹೇಳ್ತೀನಿ."

ಸೂರ್ಯಕಾಂತನ ಕೈಯಲ್ಲಿದ್ದ ಗೇರು ಜಾರಿ ಪರಾತದೊಳಗೆ ಠಣ್ಣೆಂದು ಬಿತ್ತು. ಅದು ಜಗದೇವಿ ರೊಟ್ಟಿ ಹಿಟ್ಟು ಕಲಸುವ ಪರಾತ.

ಜಹೀರಾಬಾದಿನ ಹೈವೇ ಪಕ್ಕದಲ್ಲಿ ಸೂರ್ಯಕಾಂತನದೊಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ದಿನವಿಡೀ ಬೇರೆಯವರ ಗಾಡಿಗಳಿಗೆ ಬೇರಿಂಗು, ಬೆಲ್ಟು ಕೊಟ್ಟು ಕೊಟ್ಟು, ತನ್ನದೂ ಒಂದು ಗಾಡಿ ಇರಲಿ ಅನ್ನಿಸಿ ಕಳೆದ ದೀಪಾವಳಿಗೆ ಹೈದರಾಬಾದಿನಿಂದ ರಿಮೋಟಿನ ಟ್ರಕ್ಕೊಂದನ್ನು ತಂದಿದ್ದ. ಆಟಿಕೆ ಎಂದು ಕರೆಯಲು ನಾಲಿಗೆ ಹಿಂಜರಿಯುವಂಥದ್ದು. ಆಗತಾನೆ ಹುಟ್ಟಿದ ಕರುವಿನಷ್ಟು ಗಾತ್ರ, ಗಡಿಗೆಯಂಥ ಗಾಲಿಗಳು, ಕಲ್ಲುಮುಳ್ಳು ನೋಡದೆ ನುಗ್ಗುವ ಸ್ವಭಾವ. ಅಷ್ಟಕ್ಕೇ ಬಿಟ್ಟಿದ್ದರೆ ಜಗದೇವಿಯೂ ಸುಮ್ಮನಿರುತ್ತಿದ್ದಳೇನೋ. ಆದರೆ ಸೂರ್ಯಕಾಂತ, ಮಗಳಿಗೆ ವರ್ಷ ವರ್ಷ ಒಡವೆ ಮಾಡಿಸುವ ತಂದೆಯಂತೆ, ತಿಂಗಳಿಗೊಂದು ಹೊಸದನ್ನು ಅದಕ್ಕೆ ತೊಡಿಸತೊಡಗಿದ. ಮೊದಲು ದೊಡ್ಡ ಮೋಟರು. ಆ ಮೋಟರಿನ ಜೋರಿಗೆ ಪ್ಲಾಸ್ಟಿಕ್ ಗೇರುಗಳು ಪುಡಿಯಾದವೆಂದು ಸ್ಟೀಲಿನವು. ಭಾರ ಹೆಚ್ಚಾಯಿತೆಂದು ದಪ್ಪ ಸ್ಪ್ರಿಂಗು. ಇಷ್ಟನ್ನೂ ಓಡಿಸಲು ಇಟ್ಟಿಗೆಯಂಥ ಬ್ಯಾಟರಿ. ಟ್ರಕ್ಕು ಮಲಗುವುದು ಅಡುಗೆಮನೆಯ ಮೂಲೆಯಲ್ಲಿ, ಜೋಳದ ಚೀಲದ ಪಕ್ಕ. ಹಿಂದಿನ ವಾರ ಮನೆಯ ರೊಟ್ಟಿಗೆಲ್ಲ ಗ್ರೀಸಿನ ರುಚಿ ಬಂದಿತ್ತು. ಜಗದೇವಿ ಜಗಳವಾಡಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತ್ತು.

ಗೇರುಗಳನ್ನು ಜೋಡಿಸಿ ಮುಗಿಸಿದವನೇ ಅಂಗಳಕ್ಕೆ ಓಡಿದ. ಅಲ್ಲಿ ಪಕ್ಕದ ಮನೆಯ ಶಂಕ್ರೆಪ್ಪ ಪೇಪರು ಓದುತ್ತಿದ್ದ. ಶಾಲೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಅವನು ತನ್ನ ಮನೆಯಲ್ಲಿ ಮಲಗುವುದು, ಸೂರ್ಯಕಾಂತನ ಅಂಗಳದಲ್ಲಿ ಬದುಕುವುದು. ಅಂಗಳದಲ್ಲಿ ಎಂದೋ ಕೆಟ್ಟು ನಿಂತ ಸ್ಕೂಟರೊಂದಿತ್ತು. ಅದರ ಸೀಟೇ ಅವನ ಕುರ್ಚಿ.

ವಿಷಯ ಕೇಳಿ ಶಂಕ್ರೆಪ್ಪ ಪೇಪರು ಮಡಿಸಿದ. "ಬಚ್ಚಿಟ್ರ ನಡ್ಯಂಗಿಲ್ಲ ಸೂರ್ಯಾ. ನೀ ದುಕಾನಕ್ಕ ಹೋದಾಗ ತಗದು ಕೊಟ್ಟೇ ಕೊಡ್ತಾಳ. ನೋಡಾಕ ಬಂದಾವನೇ ಒಲ್ಲೆ ಅನ್ನಬೇಕು."

"ಅವ ಯಾಕ ಒಲ್ಲೆ ಅಂತಾನ ಕಾಕಾ? ಗಾಡಿ ಬಂಗಾರದಂಗ ಅದ."

"ಬಂಗಾರಕ್ಕ ಜರಾ ಮಸಿ ಹಚ್ಚು. ನಾ ಎಷ್ಟು ಸಂಬಂಧ ಕೂಡಿಸೀನಿ, ಎಷ್ಟು ಕೆಡಿಸೀನಿ, ನಿನಗ ಗೊತ್ತಿಲ್ಲ. ಸುಳ್ಳು ಹೇಳೋದೇನು ಬ್ಯಾಡ. ಹುಡುಗಿ ನಡಿಯೋವಾಗ ಜರಾ ಕಾಲು ಎಳದ್ರ ಸಾಕು, ನೋಡಾಕ ಬಂದೋರು ಚಾ ಕುಡದು ಎದ್ದು ಹೋಗ್ತಾರ."

ಸೂರ್ಯಕಾಂತನಿಗೆ ಅರ್ಥವಾಯಿತು. ಪಿಸ್ತೂಲಿನ ಆಕಾರದ ಆ ರಿಮೋಟಿನಲ್ಲಿ ಗಾಲಿಗಳನ್ನು ನೇರ ಮಾಡುವ ಪುಟ್ಟ ಗುಂಡಿಯೊಂದಿತ್ತು. ಅದನ್ನು ಎಡಕ್ಕೆ ತಿರುವಿಟ್ಟರೆ ಗಾಡಿ ನೆಟ್ಟಗೆ ಹೋಗುವುದಿಲ್ಲ, ಕುಡಿದವನಂತೆ ವಾಲುತ್ತದೆ. ಗಾಡಿಗೆ ಗಾಯವಿಲ್ಲ, ಮಾನ ಮಾತ್ರ ಹೋಗುತ್ತದೆ. ಅವನು ಕಣ್ಣು ಮುಚ್ಚಿ ಗುಂಡಿ ತಿರುವಿದ.

ಅಷ್ಟರಲ್ಲಿ ಫೋನು ಬಂತು. "ಸೂರ್ಯಕಾಂತಣ್ಣೋರೇನ್ರಿ? ನಾ ಲಿಂಗರಾಜ, ತಾಂಡೂರಿನಾವ. ಗಾಡಿ ನೋಡಾಕ ಬಂದೀನ್ರಿ. ಅಕ್ಕೋರ ಫೋನ್ ಹತ್ತಲಿಲ್ಲ, ಅದಕ್ಕ ಅವರ ತಮ್ಮ ನಿಮ್ಮ ನಂಬರ್ ಕೊಟ್ಟಾರ."

ಸೂರ್ಯಕಾಂತ ದನಿ ತಗ್ಗಿಸಿದ. "ಮನಿಗಿ ಬರಬ್ಯಾಡ್ರಿ. ಊರ ಹೊರಗ ಕೆಂಪು ಮೊರಂ ಮಣ್ಣಿನ ಗುಡ್ಡಿ ಅದಲ್ಲ, ಆ ಬಯಲಿಗಿ ಬರ್ರಿ. ಅಲ್ಲೇ ಓಡಿಸಿ ತೋರಸ್ತೀನಿ."

ಲಿಂಗರಾಜನಿಗೆ ಅಚ್ಚರಿಯಾಯಿತು. "ಓಡ್ತದೇನ್ರಿ ಅದು? ನಿಂತು ಬಾಳ ದಿನಾ ಆಗ್ಯಾವ ಅಂದಿದ್ರು. ಅದಕ್ಕ ಹೊತ್ಕೊಂಡು ಹೋಗಾಕ ಸಾಮಾನಿನ ಆಟೋ ತಂದೀನಿ."

ಸೂರ್ಯಕಾಂತನ ಕಿವಿ ಕೆಂಪಾಯಿತು. ಮಾರುವುದಷ್ಟೇ ಅಲ್ಲ, ತನ್ನ ಟ್ರಕ್ಕಿನ ಮೇಲೆ ಇಂಥ ಅಪವಾದವನ್ನೂ ಹೊರಿಸಿದ್ದಾಳೆ. "ಓಡ್ತದೋ ಇಲ್ಲೋ ನೀವೇ ಬಂದು ನೋಡ್ರಿ" ಎಂದು ಫೋನಿಟ್ಟ.

ಟ್ರಕ್ಕನ್ನು ಚಾದರದಲ್ಲಿ ಸುತ್ತಿ, ಆಟೋದಲ್ಲಿ ತನ್ನ ಮತ್ತು ಶಂಕ್ರೆಪ್ಪನ ನಡುವೆ ಕೂರಿಸಿಕೊಂಡಾಗ ಜಗದೇವಿ ಬಾಗಿಲಿಗೆ ಬಂದಳು. "ಬಯಲಿಗಿ ಹೊಂಟೀರೇನು? ಊಟದ ಹೊತ್ತಿಗಿ ಬರ್ರಿ. ಇವತ್ತ ನಿಮಗೊಂದು ಹೇಳೋದದ." ಹೇಳಿ ನಕ್ಕಳು. ಆ ನಗು ಸೂರ್ಯಕಾಂತನ ಎದೆಯಲ್ಲಿ ಮುಳ್ಳಿನಂತೆ ಬಯಲಿನವರೆಗೂ ಚುಚ್ಚುತ್ತಲೇ ಬಂತು.

ಬಯಲಿನಲ್ಲಿ ಸಾಬಮ್ಮನ ಕುರಿಗಳು ಮೇಯುತ್ತಿದ್ದವು. ಕರಿ ಕಂಬಳಿಯನ್ನು ಒಂದು ಪೊದೆಯ ಮೇಲೆ ಹರವಿ, ಅವಳು ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ಸೂರ್ಯಕಾಂತ ಟ್ರಕ್ಕನ್ನು ನೆಲಕ್ಕಿಟ್ಟು, ಒಮ್ಮೆ ನೋಡೋಣ ಎಂದು ರಿಮೋಟಿನ ಟ್ರಿಗರು ಮೆಲ್ಲಗೆ ಒತ್ತಿದ. ಮೆಲ್ಲಗೆ ಅನ್ನುವುದು ಹಳೆಯ ಮೋಟರಿಗೆ ತಿಳಿಯುತ್ತಿತ್ತು. ಹೊಸ ಮೋಟರಿಗೆ ತಿಳಿಯಲಿಲ್ಲ. ಟ್ರಕ್ಕು ಚಿಮ್ಮಿ ಎಡಕ್ಕೆ ವಾಲಿ, ಪೊದೆಯನ್ನು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಂತು. ಹೊರಬರುವಾಗ ಕಂಬಳಿಯನ್ನು ಹೊದ್ದುಕೊಂಡೇ ಬಂತು.

ಈಗ ಅದಕ್ಕೆ ಮುಂದು ಯಾವುದು, ಹಿಂದು ಯಾವುದು ಎಂಬುದೇ ಕಾಣದು. ಗಾಬರಿಯಲ್ಲಿ ಸೂರ್ಯಕಾಂತನ ಬೆರಳು ಟ್ರಿಗರಿನ ಮೇಲೆ ಬಿಗಿಯಿತು. ಕರಿ ಕಂಬಳಿಯ ಮುದ್ದೆ ಕುರಿಗಳ ನಡುವೆ ನುಗ್ಗಿತು. ಕುರಿಗಳು ಚೆದರಿದವು. ಆದರೆ ಮಂದೆಯ ಮುಂದಾಳು ಟಗರಿಗೆ ಏನು ತೋಚಿತೋ, ತನ್ನವನೇ ಯಾರೋ ಅವಸರದ ಕೆಲಸಕ್ಕೆ ಹೊರಟಿದ್ದಾನೆಂದು ತಿಳಿದು ಬೆನ್ನು ಹತ್ತಿತು. ಟಗರಿನ ಹಿಂದೆ ಇಡೀ ಮಂದೆ. ಎಡಕ್ಕೆ ವಾಲಿದ ಟ್ರಕ್ಕು ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿತು. ಅದರ ಹಿಂದೆ ಕುರಿಗಳು, ಸೋಮವಾರ ಗುಡಿ ಸುತ್ತುವ ಮುದುಕಿಯರಂತೆ, ಭಕ್ತಿಯಿಂದ ಸುತ್ತಿದವು.

ಸಾಬಮ್ಮ ಎದ್ದು ನಿಂತು ಸೆರಗು ಬಿಗಿದಳು. "ಅಣ್ಣಾ, ಇದ್ಯಾವ ಜಾತಿ ಕುರಿ?"

"ಕುರಿ ಅಲ್ಲವ್ವಾ, ಗಾಡಿ."

"ಗಾಡಿ ಆದ್ರ ನನ್ನ ಕಂಬಳಿ ಯಾಕ ಹೊತ್ಕೊಂಡದ? ಅದಕ್ಕೇನು ಥಂಡಿ ಬಂದದೇನು?"

ಈ ಹೊತ್ತಿಗೆ ಸರಿಯಾಗಿ ಸಾಮಾನಿನ ಆಟೋ ಬಂದು ನಿಂತಿತು. ಅದರಿಂದ ಇಳಿದ ಲಿಂಗರಾಜ ದಪ್ಪ ಮೀಸೆಯ, ಮೆದು ಮಾತಿನ ಮನುಷ್ಯ. ತಾಂಡೂರಿನ ಹತ್ತಿರ ಹಾಸುಗಲ್ಲಿನ ಗಣಿ ಇಟ್ಟುಕೊಂಡಿದ್ದವನು. "ಗಾಡಿ ಎಲ್ಲದ ಅಣ್ಣೋರೆ?" ಎಂದು ಕೇಳಿದ. ಸೂರ್ಯಕಾಂತ ಕುರಿಗಳ ಮುಂದೆ ಓಡುತ್ತಿದ್ದ ಕಂಬಳಿಯತ್ತ ಕೈ ತೋರಿಸಿದ. ಲಿಂಗರಾಜ ಏನೋ ಹೇಳಲು ಹೊರಟು ಸುಮ್ಮನಾದ.

ಕಂಬಳಿ ಕೊನೆಗೂ ಮುಳ್ಳಿಗೆ ಸಿಕ್ಕಿ ಕಳಚಿತು. ಕುರಿಗಳು ಮೋಸಹೋದವರಂತೆ ನಿಂತು ಒಂದನ್ನೊಂದು ನೋಡಿಕೊಂಡವು. ಟ್ರಕ್ಕು ಸೂರ್ಯಕಾಂತನ ಕಾಲ ಬಳಿ ಬಂದು ನಿಂತಿತು.

ಶಂಕ್ರೆಪ್ಪ ಕಾಯುತ್ತಿದ್ದದ್ದೇ ಈ ಗಳಿಗೆ. "ನೋಡಿದ್ರಲ್ಲ ಸಾಹುಕಾರ್ರೆ. ನಮ್ಮ ಬಾಯಿಂದ ಹೇಳಬಾರದು. ಎಡಕ್ಕ ಎಳೀತದ. ಮಾತು ಕೇಳಂಗಿಲ್ಲ. ಬ್ಯಾಟರಿ ಹಸದ ಎಮ್ಮಿಯಂಗ ಕರೆಂಟ್ ತಿಂತದ."

"ಇಷ್ಟು ಓಡಿದ್ರೂ ಒಂದು ನಟ್ಟೂ ಉದುರ್ಲಿಲ್ಲಲ್ರಿ" ಎಂದ ಲಿಂಗರಾಜ. ಬಗ್ಗಿ ಸ್ಪ್ರಿಂಗುಗಳನ್ನು ಒತ್ತಿ ನೋಡಿದ. "ನನ್ನ ಖಣಿ ಬಾಳ ಆಳ ಅದ. ಕೆಳಗ ಕೆಲಸ ಮಾಡೋರಿಗಿ ನೀರು, ಬುತ್ತಿ ಇಳಸಬೇಕಂದ್ರ ಒಬ್ಬ ಮನುಷ್ಯಾಗ ದಿನಾ ಪೂರಾ ಅದೇ ಕೆಲಸ. ಇದು ಬುತ್ತಿ ಹೊತ್ಕೊಂಡು ಇಳಿದು ಹತ್ತತದೇನ್ರಿ?"

ಹೂಂ ಅನ್ನಲು ಬಾಯಿ ತೆರೆದ ಸೂರ್ಯಕಾಂತನ ಪಾದವನ್ನು ಶಂಕ್ರೆಪ್ಪ ತುಳಿದ.

"ಹತ್ತಂಗಿಲ್ಲ" ಎಂದ ಸೂರ್ಯಕಾಂತ, ವಿಷ ನುಂಗಿದವನಂತೆ. ವ್ಯವಹಾರ ಒಮ್ಮೆಗೇ ಮುಗಿಯಲಿ ಎಂದು ಎದುರಿನ ಮೊರಂ ಗುಡ್ಡೆ ತೋರಿಸಿದ. "ಅಗೋ ಆ ಗುಡ್ಡಿ. ಅದನ್ನ ಹತ್ತಿತಂದ್ರ ನೀವು ಎಷ್ಟು ಕೊಡ್ತೀರೋ ಅಷ್ಟಕ್ಕ ಕೊಟ್ಟುಬಿಡ್ತೀನಿ. ಹತ್ತಲಿಲ್ಲಂದ್ರ ಈ ಮಾತು ಮತ್ತ ತೆಗೀಬಾರದು."

"ಆಗ್ಲಿ" ಎಂದ ಲಿಂಗರಾಜ. ಸಾಬಮ್ಮನೂ ಕಂಬಳಿ ಹೆಗಲಿಗೆ ಹಾಕಿಕೊಂಡು ನೋಡಲು ಬಂದಳು.

ರಿಮೋಟು ತನ್ನ ಕೈಯಲ್ಲೇ ಇದೆ, ಹತ್ತಿಸದಿದ್ದರಾಯಿತು ಎಂಬುದು ಸೂರ್ಯಕಾಂತನ ಲೆಕ್ಕ. ಟ್ರಕ್ಕು ಗುಡ್ಡೆಯ ಬುಡಕ್ಕೆ ಹೋಯಿತು. ವಾಲಿತು. ಕೆಂಪು ಮಣ್ಣು ಕೆದರುತ್ತ ಹಿಂದಕ್ಕೆ ಜಾರಿತು. ಶಂಕ್ರೆಪ್ಪ ಸಂತೋಷದಿಂದ ನಿಟ್ಟುಸಿರು ಬಿಟ್ಟ. "ನಾ ಹೇಳಲಿಲ್ಲೇನು? ಆಟಿಗಿ ಸಾಮಾನು."

"ಖರೇ ಅದ" ಎಂದಳು ಸಾಬಮ್ಮ. "ನನ್ನ ಕುಂಟ ಮರಿನೂ ಹತ್ತತದ ಆ ಗುಡ್ಡಿ."

ಲಿಂಗರಾಜನೂ ತಲೆಯಾಡಿಸಿದ. "ಮೋಟರಿಗಿ ತಾಕತ್ತಿಲ್ಲ ಅನಸ್ತದ್ರಿ."

ಮೋಟರಿಗೆ ತಾಕತ್ತಿಲ್ಲವಂತೆ. ದೀಪಾವಳಿಯಿಂದ ಈಚೆಗೆ ಬಿಚ್ಚಿದ್ದು, ಜೋಡಿಸಿದ್ದು, ಗ್ರೀಸಿನ ರೊಟ್ಟಿ ತಿಂದದ್ದು ಎಲ್ಲ ಒಟ್ಟಿಗೇ ಸೂರ್ಯಕಾಂತನ ಕಣ್ಣ ಮುಂದೆ ಬಂತು. ಅವನ ಹೆಬ್ಬೆರಳು ಯಾರನ್ನೂ ಕೇಳದೆ ಆ ಪುಟ್ಟ ಗುಂಡಿಯನ್ನು ಬಲಕ್ಕೆ ತಿರುವಿತು. ಗಾಲಿಗಳು ನೇರವಾದವು. ಟ್ರಕ್ಕು ಒಂದಿಷ್ಟು ಹಿಂದೆ ಸರಿದು, ಗುರ್ರೆಂದು ಗುಡ್ಡೆಯ ಮೇಲೆ ಏರಿತು. ಮಣ್ಣು ಕಾರಂಜಿಯಂತೆ ಹಾರಿತು. ನಡುವೆ ಒಂದು ಕಡೆ ಎರಡು ಗಾಲಿ ಗಾಳಿಯಲ್ಲಿ ತೇಲಿ ಮತ್ತೆ ನೆಲ ಹಿಡಿದವು. ಟ್ರಕ್ಕು ನೆತ್ತಿ ಮುಟ್ಟಿ, ಅಲ್ಲಿ ಒಂದು ಗಿರಕಿ ಹೊಡೆದು, ಊರಿನತ್ತ ಮುಖ ಮಾಡಿ ನಿಂತಿತು.

"ಹ್ಯಾಂಗದ?" ಎಂದು ಸೂರ್ಯಕಾಂತ ಎದೆಯುಬ್ಬಿಸಿ ತಿರುಗಿದ. ಶಂಕ್ರೆಪ್ಪ ಹಣೆ ಹಿಡಿದುಕೊಂಡಿದ್ದ. ತಾನು ಕೊಟ್ಟ ಮಾತು ಆಗ ನೆನಪಾಯಿತು.

ಲಿಂಗರಾಜ ಜೇಬಿನಿಂದ ಹಣ ತೆಗೆದು, ಎರಡೂ ಕೈಯಲ್ಲಿ ಮರ್ಯಾದೆಯಿಂದ ಕೊಟ್ಟ. ಟ್ರಕ್ಕನ್ನೂ ರಿಮೋಟನ್ನೂ ಆಟೋದಲ್ಲಿಟ್ಟು ಹಗ್ಗ ಬಿಗಿಯುತ್ತ, "ಆ ಸ್ಕೂಟರ್ ಸದ್ಯಕ್ಕ ನೀವೇ ಇಟ್ಗೋರಿ ಅಣ್ಣೋರೆ. ತಂದ ರೊಕ್ಕ ಇದಕ್ಕೇ ಆತು" ಎಂದ.

"ಯಾವ ಸ್ಕೂಟರು?"

"ನಾ ಬಂದಿದ್ದೇ ಅದಕ್ಕಲ್ರಿ. ನಮ್ಮ ಖಣಿ ಮೇಸ್ತ್ರಿಗಿ ಹಳೀ ಸ್ಕೂಟರ್ ಅಂದ್ರ ಜೀವ, ರಿಪೇರಿ ಮಾಡ್ಕೋತಾನ. ನೀವು ಇದನ್ನ ತೋರಿಸಿದ್ರಿ. ದೊಡ್ಡೋರು ತೋರಿಸಿದ್ದು ನೋಡಬೇಕು, ತೋರಿಸ್ಲಾರದ್ದು ಯಾಕ ಕೇಳಬೇಕಂತ ಸುಮ್ಮಕಾದೆ."

ಸೂರ್ಯಕಾಂತ ಹಣ ಹಿಂದಕ್ಕೆ ಚಾಚಿದ. ತಪ್ಪಾಯಿತು ಎಂದ, ಸ್ಕೂಟರನ್ನು ಪುಕ್ಕಟೆ ಒಯ್ಯಿರಿ ಎಂದ. ಲಿಂಗರಾಜ ಸಂಕೋಚದಿಂದ ಹಗ್ಗದ ಗಂಟಿನತ್ತ ನೋಡಿದ. ಆದರೆ ಸಾಬಮ್ಮ ಬಿಡಲಿಲ್ಲ. "ಹಂಗ ಹ್ಯಾಂಗ ಆಗ್ತದ ಅಣ್ಣಾ? ಎಲ್ಲಾರ ಮುಂದ ಮಾತು ಕೊಟ್ಟೀರಿ. ನನ್ನ ಕುರಿ ಸೈತ ಕೇಳ್ಯಾವ." ಕುರಿಗಳು ನಿಜಕ್ಕೂ ಇತ್ತಲೇ ನೋಡುತ್ತಿದ್ದವು. ಆಟೋ ಧೂಳೆಬ್ಬಿಸಿ ತಾಂಡೂರಿನ ದಾರಿ ಹಿಡಿಯಿತು.

ಮನೆಗೆ ಬಂದಾಗ ಅಂಗಳದಲ್ಲಿ ಹೊಳೆಯುವ ಹೊಸ ತಗಡುಗಳ ರಾಶಿ ಬಿದ್ದಿತ್ತು. ಅಮೋಘಸಿದ್ದನೆಂಬ ಶೆಡ್ ಕಟ್ಟುವ ಮೇಸ್ತ್ರಿ ನೆಲಕ್ಕೆ ದಾರ ಹಿಡಿದು ಅಳೆಯುತ್ತಿದ್ದ. ಶಂಕ್ರೆಪ್ಪ ಹೋಗಿ ಸ್ಕೂಟರಿನ ಮೇಲೆ ಕೂತ.

ಜಗದೇವಿ ಹೊರಗೆ ಬಂದು ಸ್ಕೂಟರು ನೋಡಿದಳು, ಗಂಡನ ಖಾಲಿ ಕೈ ನೋಡಿದಳು. "ಇದಿನ್ನೂ ಇಲ್ಲೇ ಅದಲ್ಲ. ಲಿಂಗರಾಜ ನಿಮಗೇ ಫೋನ್ ಮಾಡ್ಯಾನಂತ ತಮ್ಮ ಅಂದ, ಬರಲಿಲ್ಲೇನ್ರಿ? ಟ್ರಕ್ ಎಲ್ಲಿ?"

ಸೂರ್ಯಕಾಂತ ಎಲ್ಲವನ್ನೂ ಹೇಳಿದ. ಕಂಬಳಿಯ ಭಾಗಕ್ಕೆ ಅವಳು ನಗಲಿಲ್ಲ. ಗುಡ್ಡೆಯ ಭಾಗಕ್ಕೆ ಬಂದಾಗ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಆ ಸ್ಕೂಟರ್ ಹೋದ್ರ ಅದರ ಜಾಗಾದಾಗ ನಿಮ್ಮ ಟ್ರಕ್ಕಿಗಿ ಶೆಡ್ ಹಾಕಸಬೇಕಂತ ಮಾಡಿದ್ದೆ. ನಿಮ್ಮ ಗ್ರೀಸು, ಗೇರು ಎಲ್ಲಾ ಅಲ್ಲೇ ಇರ್ಲಿ, ನನ್ನ ಅಡಿಗಿ ಮನಿ ಹಸನಾಗ್ಲಿ ಅಂತ. ತಗಡ ಬಂದಮ್ಯಾಲ ಹೇಳೋಣಂತ ಬಾಯಿ ಬಿಗಿ ಹಿಡದಿದ್ದೆ."

ಸೂರ್ಯಕಾಂತ ಅವಳ ಪಕ್ಕದಲ್ಲಿ ಕುಸಿದ.

"ನೀವು ದುಕಾನಕ್ಕ ಹೋದಾಗ ಒಂದೆರಡು ಸಲ ಆ ರಿಮೋಟ್ ಕೈಯಾಗ ಹಿಡದಿದ್ದೆ" ಎಂದಳು ಜಗದೇವಿ, ಸೆರಗಿನ ತುದಿ ತಿರುವುತ್ತ. "ಒತ್ತಾಕ ಅಂಜಿಕಿ ಆತು. ಶೆಡ್ ಆದಮ್ಯಾಲ ನನಗೂ ಓಡಸಾಕ ಕಲಸ್ರಿ ಅಂತ ಕೇಳೋದಿತ್ತು."

ಅಷ್ಟರಲ್ಲಿ ಅಂಗಳದಿಂದ ಅಮೋಘಸಿದ್ದ ಕೂಗಿದ. "ಬಾಗಿಲ ಎಷ್ಟೆತ್ತರ ಇಡ್ಲಿ ಸಾವ್ಕಾರ್ರೆ? ಒಳಗ ನಿಲ್ಲೋ ಗಾಡಿ ಎಷ್ಟದ?"

ಸೂರ್ಯಕಾಂತ ಎದ್ದು, ಅಂಗೈಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ತೋರಿಸಿದ. ಮೇಸ್ತ್ರಿ ಅಳತೆ ಗುರುತು ಹಾಕಿಕೊಂಡು ಹೋದ ಮೇಲೂ ಆ ಕೈ ಅಲ್ಲೇ, ಯಾವುದೋ ಕರುವಿನ ಬೆನ್ನು ಸವರುತ್ತಿರುವಂತೆ, ನಿಂತೇ ಇತ್ತು.