ಬೆಳ್ಗಣ್ಣ ಹಾರಿದ ಪಾಪ

ಫೂಶಿಂಗ್ ಆ ಬೆಳಿಗ್ಗೆ ಮಾಡಹೊರಟದ್ದು ಒಳ್ಳೆಯ ಕೆಲಸವನ್ನೇ. ಚಿಯೂ ಅಜ್ಜನ ಬಾಗಿಲ ಮುಂದೆ ತೂಗುಹಾಕಿದ್ದ ಬಿದಿರಿನ ಪಂಜರದ ಚಿಲಕ ಅರ್ಧ ಜಾರಿತ್ತು. ಸರಿಯಾಗಿ ಹಾಕೋಣವೆಂದು ಬೆರಳಿಟ್ಟ. ಅದು ಪೂರ್ತಿ ಜಾರಿತು. ಕಣ್ಣಿನ ಸುತ್ತ ಬಿಳಿ ಬಳೆ ತೊಟ್ಟ ಪುಟ್ಟ ಹಸಿರು ಬೆಳ್ಗಣ್ಣ ಹಕ್ಕಿ ಅವನ ಮೂಗಿಗೆ ರೆಕ್ಕೆ ಸವರಿ ಹೊರಬಂದು, ಕರೆಂಟಿನ ತಂತಿಯ ಮೇಲೆ ಕೂತು, ಒಮ್ಮೆ ತಿರುಗಿ ನೋಡಿ, ತೈನಾನ್ ಊರಿನ ಮಾಡುಗಳಾಚೆ ಹೋಗೇಬಿಟ್ಟಿತು.

ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಫೂಶಿಂಗ್ ಖಾಲಿ ಪಂಜರದ ಬಾಗಿಲನ್ನು ಬಹಳ ಭದ್ರವಾಗಿ ಮುಚ್ಚಿದ.

ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಅವನನ್ನು ಓಣಿಯವರೆಲ್ಲ "ಏ ಫೂ" ಎಂದೇ ಕರೆಯುತ್ತಿದ್ದರು. "ಫೂಶಿಂಗ್ ಅವರೇ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದವರು ತಗಡಿನ ಕೆಲಸದ ಚಿಯೂ ಅಜ್ಜ ಒಬ್ಬರೇ. ಅಂಥವರ ಬಾಗಿಲು ತಟ್ಟಿ 'ನಾನೇ ಬಿಟ್ಟದ್ದು' ಎನ್ನಬೇಕು. 'ಹೋಗ್ಲಿ ಬಿಡಿ' ಎಂಬ ಒಂದು ಮಾತು ಕೇಳಿಸಿಕೊಳ್ಳಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ. ಆದರೆ ಕಾಲುಗಳು ಬಾಗಿಲಿಗೆ ಹೋಗದೆ ಓಣಿಯ ತುದಿಯ ಸೋಯಾಹಾಲಿನ ಗಾಡಿಗೆ ಹೋದವು.

ಗಾಡಿಯ ಕಾಯ್ವೆನ್ ಎರಡು ವರ್ಷ ತತ್ವಶಾಸ್ತ್ರ ಓದಿ, ಅದರಲ್ಲೂ ಅರ್ಥವಿಲ್ಲವೆಂದು ಬಿಟ್ಟುಬಂದವನು. ನಿವೃತ್ತ ಗುವೊ ಮೇಷ್ಟ್ರು ಆಗಲೇ ಸ್ಟೂಲಿನ ಮೇಲೆ ಕೂತು ಹಾಲು ಹೀರುತ್ತಿದ್ದರು.

"ನಮ್ಮ ಆಫೀಸಲ್ಲಿ ಒಬ್ಬನಿದಾನೆ," ಎಂದು ಫೂಶಿಂಗ್ ಶುರುಮಾಡಿದ. "ಪಾಪ, ಗೊತ್ತಿಲ್ಲದೆ ಒಂದು ತಪ್ಪು ಮಾಡ್ಬಿಟ್ಟ. ಯಾರೂ ನೋಡಿಲ್ಲ. ಹೇಳ್ಬೇಕಾ, ಬೇಡ್ವಾ?"

"ತಪ್ಪು ಅನ್ನೋದೇ ಇಲ್ವಲ್ಲ ಅಣ್ಣ," ಎಂದ ಕಾಯ್ವೆನ್, ಹಾಲು ಕಲಕುತ್ತ. "ಇಷ್ಟು ದೊಡ್ಡ ಆಕಾಶ. ಅದರ ಕೆಳಗೆ ನಾವು ಎಳ್ಳುಕಾಳು. ಎಳ್ಳುಕಾಳಿಗೆ ಎಂಥ ಪಾಪ, ಎಂಥ ಪುಣ್ಯ? ಎಲ್ಲಾ ಸೊನ್ನೆ... ಏಯ್! ಸಾಲಲ್ಲಿ ಬನ್ರೀ! ಅವರು ಆಗಿಂದ ನಿಂತಿಲ್ವಾ? ನ್ಯಾಯ ನೀತಿ ಏನಾದ್ರೂ ಇದೆಯಾ ನಿಮಗೆ?"

ಮೇಷ್ಟ್ರು ನಕ್ಕರು. "ಅವನ ಮಾತು ಬಿಡು. ತಪ್ಪು ಇದೆ ಕಣೋ ಫೂ, ಆದ್ರೆ ಅದು ನಾಲಿಗೆ ರುಚಿ ಇದ್ದಹಾಗೆ. ನನಗೆ ಉಪ್ಪು, ನಿನಗೆ ಸಿಹಿ. ನಿನ್ನ ಸ್ನೇಹಿತನಿಗೆ ತಪ್ಪು ಅನ್ನಿಸಿದ್ರೆ ತಪ್ಪು, ಇಲ್ದಿದ್ರೆ ಇಲ್ಲ. ಒಬ್ಬರ ಅಳತೆಗೋಲು ಇನ್ನೊಬ್ಬರಿಗೆ..." ಅಷ್ಟರಲ್ಲಿ ತಮ್ಮ ಗೇಟಿಗೆ ಅಡ್ಡಲಾಗಿ ಯಾರೋ ಸ್ಕೂಟರ್ ನಿಲ್ಲಿಸಿ ಹೋದದ್ದು ಕಂಡು, ಲೋಟ ಕುಕ್ಕಿ ಎದ್ದರು. "ಯಾವನೋ ಅದು? ಶುದ್ಧ ಅನ್ಯಾಯ! ಇದರಲ್ಲಿ ಎರಡನೇ ಮಾತೇ ಇಲ್ಲ!"

ಹಿಂದಿನಿಂದ ಊದುಬತ್ತಿಯ ವಾಸನೆ ಬಂತು. ಎಂದರೆ ಸುಯಿನ್ ಅತ್ತೆ ಬಂದರು. ಓಣಿಯ ನೆಲದೇವರ ಗುಡಿ ನೋಡಿಕೊಳ್ಳುವ ಸುಯಿನ್ ಅತ್ತೆಗೆ ಓಣಿಯನ್ನು ನೋಡಿಕೊಳ್ಳುವ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಅದನ್ನೂ ಅವರೇ ಮಾಡುತ್ತಿದ್ದರು.

"ಯಾರೂ ನೋಡಿಲ್ವಂತೆ! ತಲೆ ಮೇಲೆ ಮೂರಡಿ ಎತ್ತರದಲ್ಲೇ ದೇವರು ಕೂತಿದಾನೆ. ನಿನ್ನ ಆಫೀಸಿನವನಿಗೆ ಕತ್ತೆತ್ತಿ ನೋಡೋಕೆ ಹೇಳು."

ಫೂಶಿಂಗ್ ತಾನೇ ಕತ್ತೆತ್ತಿದ. ಮೂರಡಿ ಮೇಲೆ ಗಾಡಿಯ ಟಾರ್ಪಾಲು ಇತ್ತು. ಆಗಲೇ ಓಣಿಯ ನಡುವಿನಿಂದ ಚಿಯೂ ಅಜ್ಜನ ಕೂಗು ಕೇಳಿತು. ಎಲ್ಲರೂ ಆ ಕಡೆ ಓಡಿದರು. ಫೂಶಿಂಗ್ ಈ ಕಡೆ, ಆಫೀಸಿಗೆ ಓಡಿದ.

ಇಡೀ ದಿನ ಅವನು ಪೇಚಾಡಿದ. ಮುದ್ರೆಯನ್ನು ಲಕೋಟೆಗೆ ಒತ್ತುವ ಬದಲು ಹೆಬ್ಬೆರಳಿಗೆ ಒತ್ತಿಕೊಂಡ. ಕೂಗು ಕೇಳಿದ್ದು ಒಂದೇ ಸಲ. ಆಮೇಲೆ ಅಜ್ಜ ಸುಮ್ಮನಾಗಿದ್ದರು. ಆ ಸುಮ್ಮನಿರುವಿಕೆ ಮಾತ್ರ ಕೌಂಟರಿನವರೆಗೂ ಹಿಂದೆಯೇ ಬಂದು, ಟೋಕನ್ ತೆಗೆದುಕೊಂಡ ಗಿರಾಕಿಯ ಹಾಗೆ ಎದುರಿಗೇ ಕೂತಿತ್ತು. ಸಂಜೆ ಐದಕ್ಕೆ ಫೂಶಿಂಗ್ ನಿರ್ಧರಿಸಿದ: ತಪ್ಪು ರುಚಿಯಾದರೂ ಆಗಲಿ, ಸೊನ್ನೆಯಾದರೂ ಆಗಲಿ, ಹೇಳಿಬಿಡುವುದೇ.

ಓಣಿಗೆ ಬಂದರೆ ಗುಡಿಯ ಮುಂದೆ ಜಾತ್ರೆಯಷ್ಟು ಜನ. ನಡುವೆ ಚಿಯೂ ಅಜ್ಜ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಕಾಯ್ವೆನ್.

"ಅಜ್ಜ, ನಿಮ್ಮ ಹಕ್ಕಿ ಬಿಟ್ಟಿದ್ದು ನಾನು," ಎಂದ ಫೂಶಿಂಗ್ ಒಂದೇ ಉಸಿರಿಗೆ.

ಎಲ್ಲರೂ ಅವನತ್ತ ತಿರುಗಿದರು. ಸುಯಿನ್ ಅತ್ತೆ ಸೊಂಟಕ್ಕೆ ಕೈಯಿಟ್ಟರು.

"ಏ ಫೂ, ತಡವಾಗಿ ಬಂದೆ. ಆಗಲೇ ತೀರ್ಮಾನ ಆಯ್ತು. ಮನೆ ಮನೆ ಹೆಸರು ಹಿಡಿದು ದೇವರನ್ನ ಕೇಳಿದ್ವಿ."

ಕೇಳುವುದೆಂದರೆ ಅರ್ಧಚಂದ್ರದಂಥ ಎರಡು ಮರದ ತುಂಡು ನೆಲಕ್ಕೆ ಎಸೆಯುವುದು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ದೇವರು ಹೌದೆಂದ ಹಾಗೆ. ಸತತ ಮೂರು ಸಲ ಹಾಗೇ ಬಿದ್ದರೆ ಮೇಲ್ಮನವಿಯಿಲ್ಲ.

"ಕಾಯ್ವೆನ್ ಹೆಸರಿಗೆ ಮೂರಕ್ಕೆ ಮೂರೂ ಹೌದು. ನಿನ್ನದಕ್ಕೆ ಎರಡೇ. ಮೂರನೇದು ಇಲ್ಲ ಅಂತು."

"ಎರಡು ಸಲ ಹೌದು ಅಂತ ಬಿತ್ತಾ ಅತ್ತೆ?"

"ಬಿತ್ತು. ಪಾಪದೋನು ಅಂತ ಮೂರನೇದನ್ನ ನಾನೇ ಸ್ವಲ್ಪ ಮೆತ್ತಗೆ ಹಾಕ್ದೆ. ಅದಕ್ಕೇನೀಗ? ದೇವರು ಸುಳ್ಳು ಅಂತೀಯಾ?"

"ಸುಳ್ಳು ಅಂತ ಅಲ್ಲ, ಆದ್ರೆ ಚಿಲಕ ಮುಟ್ಟಿದ್ದು ನಾನು!"

"ನೋಡು ಫೂ," ಎಂದು ಮೇಷ್ಟ್ರು ನಡುವೆ ಬಂದರು, "ಓಣಿ ಪೂರ್ತಿ ಒಪ್ಪಿಕೊಂಡ ಮೇಲೆ ಅದೇ ಸತ್ಯ. ನಿನ್ನ ಸತ್ಯ ನಿನ್ನ ಹತ್ರ ಇಟ್ಕೋ. ಯಾರು ಬೇಡ ಅಂದ್ರು?"

ಫೂಶಿಂಗ್ ಕಾಯ್ವೆನ್‌ನ ತೋಳು ಹಿಡಿದು ಮೂಲೆಗೆ ಎಳೆದ. "ಲೋ, ನೀನು ಮಾಡಿಲ್ಲ ಕಣೋ! ಯಾಕೆ ಒಪ್ಕೊಂಡೆ?"

"ಮೊದಲು ನಾನೂ ನಕ್ಕೆ ಅಣ್ಣ. ಆಮೇಲೆ, ಬೆಳಗಿನ ಜಾವ ಗಾಡಿ ತಳ್ಳುವಾಗ ತಗುಲಿತ್ತೇನೋ ಅನ್ನಿಸ್ತು. ತಪ್ಪಾಯ್ತು ಅಜ್ಜ ಅಂದೆ. ಅಜ್ಜ ತಲೆ ಸವರಿ, 'ಹೋಗ್ಲಿ ಬಿಡು ಮಗಾ' ಅಂದ್ರು." ಕಾಯ್ವೆನ್ ತೋಳು ಬಿಡಿಸಿಕೊಂಡ. "ನಲವತ್ತು ವರ್ಷಕ್ಕೆ ಮೊದಲನೇ ಸಲ ನಾನು ಮಾಡಿದ್ದು ಒಂದಕ್ಕೆ ಏನೋ ಅರ್ಥ ಇದೆ ಅನ್ನಿಸ್ತು. ಇದೊಂದು ಪಾಪ ನನಗಿರಲಿ ಅಣ್ಣ. ಕಿತ್ಕೋಬೇಡ."

ತನಗೆಂದು ಇಡೀ ದಿನ ಕಾದಿದ್ದ ಮಾತು ಇನ್ನೊಬ್ಬನ ತಲೆಯ ಮೇಲೆ ಸಂದಾಯವಾಗಿಹೋಗಿತ್ತು. ವಿಳಾಸ ತಪ್ಪಿದ ಎಷ್ಟೋ ಕಾಗದಗಳನ್ನು ಅವನು ಹಿಂದಿರುಗಿಸಿದ್ದ. ಇದನ್ನು ಹಿಂದಿರುಗಿಸುವುದು ಹೇಗೆಂದು ತಿಳಿಯಲಿಲ್ಲ.

ಕೊನೆಯ ಪ್ರಯತ್ನವಾಗಿ ಅಜ್ಜನ ಮುಂದೆ ಹೋಗಿ ನಿಂತ. "ಅಜ್ಜ, ನೀವಾದ್ರೂ ನಂಬಿ. ನಿಜವಾಗ್ಲೂ ನಾನೇ. ಬೈಯಿರಿ, ಎರಡು ಬಾರಿಸಿ. ದೇವರಾಣೆ ನಾನೇ."

ಚಿಯೂ ಅಜ್ಜನ ಕಣ್ಣು ತುಂಬಿ ಬಂತು. "ನೋಡಿದ್ರಾ?" ಎಂದು ಓಣಿಯವರತ್ತ ತಿರುಗಿದರು. "ಕಾಯ್ವೆನ್ ಕಷ್ಟದಲ್ಲಿದಾನೆ ಅಂತ ಇವರು ಅವನ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ತಿದಾರೆ. ಆಣೆ ಬೇರೆ ಹಾಕ್ತಾರೆ! ಇಂಥವರನ್ನ ನೀವು 'ಏ ಫೂ' ಅಂತೀರಲ್ಲ, ನಾಚಿಕೆ ಆಗ್ಬೇಕು."

ಓಣಿಗೆ ನಿಜವಾಗಿಯೂ ನಾಚಿಕೆಯಾಯಿತು. ಸುಯಿನ್ ಅತ್ತೆ ಮೂಗೊರೆಸಿಕೊಂಡು, "ಫೂಶಿಂಗ್ ಅವರೇ," ಎಂದು ಮೊದಲ ಬಾರಿಗೆ ಕರೆದರು. ಅವನಿಗೆ ಅಳು ಬಂತು. ಅದನ್ನೂ ಜನ ಒಳ್ಳೆಯ ಅರ್ಥದಲ್ಲೇ ತೆಗೆದುಕೊಂಡರು.

ಅಜ್ಜ ಒಳಗೆ ಹೋಗಿ, ಬಟ್ಟೆ ಮುಚ್ಚಿದ ಪಂಜರವೊಂದನ್ನು ಎರಡು ಕೈಯಲ್ಲಿ ಹಿಡಿದು ತಂದರು. ತೀರ್ಮಾನವಾದ ಕೂಡಲೇ ಕಾಯ್ವೆನ್ ತಪ್ಪುಕಾಣಿಕೆಯೆಂದು ತಂದುಕೊಟ್ಟ ಹೊಸ ಬೆಳ್ಗಣ್ಣ.

"ನಾಳೆ ಕಣ್ಣಿನ ಆಪರೇಷನ್‌ಗೆ ಕಾವ್‌ಶಿಯುಂಗ್‌ನಲ್ಲಿರೋ ಮಗಳ ಮನೆಗೆ ಹೋಗ್ತಿದೀನಿ. ಬರೋದು ಇನ್ನು ಒಂದು ತಿಂಗಳ ಮೇಲೆ. ಯಾರ ಹತ್ರ ಬಿಡೋದು ಅಂತ ಯೋಚನೆ ಆಗಿತ್ತು. ಕಾಯ್ವೆನ್ ಒಳ್ಳೆಯವನೇ, ಆದ್ರೆ ಅವನ ಕೈ ಮೇಲೆ ಇನ್ನು ಭರವಸೆ ಇಲ್ಲ. ನೀವೇ ನೋಡ್ಕೋಬೇಕು."

"ನಾನಾ? ಬೇಡ ಅಜ್ಜ! ದಯವಿಟ್ಟು..."

"ಕಷ್ಟ ಏನಿಲ್ಲ. ದಿನಾ ಬೆಳಿಗ್ಗೆ ಬಾಗಿಲು ಪೂರ್ತಿ ತೆಗೆದು, ಒಳಗೆ ಕೈ ಹಾಕಿ, ನೀರು ಬದಲಾಯಿಸೋದು. ಅಷ್ಟೇ."

"ಒಬ್ಬರೇ ಯಾಕೆ ಮಾಡ್ತೀರಿ ಫೂಶಿಂಗ್ ಅವರೇ?" ಎಂದರು ಸುಯಿನ್ ಅತ್ತೆ. "ಇಂಥವರ ಕೈ ಕೆಲಸ ಮಾಡೋದನ್ನ ನೋಡಿದ್ರೂ ಪುಣ್ಯ. ಬೆಳಿಗ್ಗೆ ಆರಕ್ಕೆ ನಾವೆಲ್ಲ ಬರ್ತೀವಿ."