ಮುನ್ನೂರು ಮೀಟರ್, ಒಂದು ಗೇಣು

ಗೆದೆಯೊನ್ ರೋಶಾನ ಬ್ರೆಡ್ ತುಂಡು ಕರಗಿದ ಚೀಸಿನ ಪಾತ್ರೆಯೊಳಗೆ ಬಿತ್ತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಜೂ ಎಂಬ ನಮ್ಮ ಕಣಿವೆಯ ಗಡಿಯಾರದ ಕಾರ್ಖಾನೆಯಲ್ಲಿ, ನೀರು ಕುಡಿದು ಕೆಟ್ಟ ಗಡಿಯಾರಗಳೆಲ್ಲ ಗೆದೆಯೊನ್‌ನ ಮೇಜಿಗೆ ಬರುತ್ತವೆ. ಮುಳ್ಳು ತಿರುಗಿಸುವ, ಬಿಗಿದರೆ ನೀರು ತಡೆಯುವ ಪಕ್ಕದ ತಿರುಪು ಸಡಿಲವಿದ್ದರೆ 'ತಪ್ಪು ಬಳಸಿದವರದು, ಬಿಟ್ಟಿ ರಿಪೇರಿ ಇಲ್ಲ' ಎಂಬ ಮುದ್ರೆ ಒತ್ತುವುದು ಅವನ ಕೆಲಸ. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಗಿರಾಕಿಯ ಮೇಲೂ ಅವನಿಗೆ ಕನಿಕರ ಹುಟ್ಟಿರಲಿಲ್ಲ. ಆ ಸೇವೆ ಮೆಚ್ಚಿ ಮಾಲೀಕರು ಅಂದು ಬೆಳಿಗ್ಗೆ ಅವನಿಗೆ ನೀರಿನಡಿ ಮುನ್ನೂರು ಮೀಟರ್ ಆಳ ತಾಳುವ ಗಡಿಯಾರ ಕೊಟ್ಟಿದ್ದರು. ಜನ್ಮವಿಡೀ ದುಡಿದರೂ ಅವನು ಕೊಳ್ಳಲಾಗದಂಥದ್ದು. ಮಧ್ಯಾಹ್ನದೊಳಗೆ ಅದನ್ನು ಹತ್ತು ಸಲ ಒರೆಸಿದ್ದ.

"ಮುನ್ನೂರು ಯಾಕಯ್ಯಾ?" ಊಟದ ಮೇಜಿನಲ್ಲಿ ಮೇಸ್ತ್ರಿ ಅರ್ಮಾನ್ ಕೆಣಕಿದ. "ನಮ್ಮ ಸರೋವರದ ತಳಕ್ಕೇ ಮೂವತ್ತು ಚಿಲ್ಲರೆ ಮೀಟರು. ಉಳಿದದ್ದನ್ನ ಎಲ್ಲಿ ಮುಳುಗಿಸ್ತೀಯ?"

ಉತ್ತರ ಕೊಡುವ ಭರದಲ್ಲಿ ಗೆದೆಯೊನ್ ಬ್ರೆಡ್ ಚುಚ್ಚಿದ್ದ ಮುಳ್ಳುಚಮಚ ಝಳಪಿಸಿದ. ತುಂಡು ಬಿದ್ದದ್ದು ಆಗಲೇ.

"ಬಿತ್ತು! ಸರೋವರಕ್ಕೆ ಹಾರಿ!" ಎಂದು ಪಾಲಿಶ್ ಮಾಡುವ ಒದೀಲ್ ಕೂಗಿದಳು. ಎಲ್ಲರೂ ಒಂದೇ ಪಾತ್ರೆಯ ಚೀಸಿನಲ್ಲಿ ಅದ್ದಿ ತಿನ್ನುವಾಗ ಬ್ರೆಡ್ ಬೀಳಿಸಿದವರಿಗೆ ನಮ್ಮಲ್ಲಿ ಅದೇ ಶಿಕ್ಷೆ. ನವೆಂಬರ್ ಚಳಿಯೆಂದು ರಿಯಾಯಿತಿ ಇಲ್ಲ.

"ಗಡಿಯಾರ ಬಿಚ್ಚಿಡಿ ಮಾರಾಯ್ರೇ," ಎಂದಳು ಅವಳೇ.

"ಬಿಚ್ಚೋದಾ? ಕಾರ್ಖಾನೆ ಮರ್ಯಾದೆ ಏನಾಗ್ಬೇಕು?"

ಗೆದೆಯೊನ್ ದಡದಲ್ಲಿ ನಿಂತು ತಿರುಪನ್ನು ಮೂರು ಸಲ ಬಿಗಿದು ಹಾರಿದ. ಮೇಲೆ ಬಂದಾಗ ಮನುಷ್ಯ ನೇರಳೆಹಣ್ಣಿನಂತಾಗಿದ್ದ, ಗಡಿಯಾರ ಮಾತ್ರ ಆರಾಮಾಗಿ ನಡೆಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸು ಬರುವಷ್ಟರಲ್ಲಿ ಚರ್ಚಿನ ಗಂಟೆ ಎರಡು ಹೊಡೆಯಿತು.

"ನಿಂದು ಅರ್ಧ ನಿಮಿಷ ಹಿಂದಿದೆಯಲ್ಲೋ," ಎಂದ ಅರ್ಮಾನ್.

ಈ ಕಣಿವೆಯಲ್ಲಿ ಅಪ್ಪನನ್ನು ಬೈದರೆ ಸಹಿಸಬಹುದು, ಇದನ್ನು ಸಹಿಸಲಾಗದು. ಗೆದೆಯೊನ್ ನಿಂತಲ್ಲೇ ತಿರುಪು ಬಿಚ್ಚಿ, ಎಳೆದು, ಮುಳ್ಳು ಸರಿಪಡಿಸಿದ.

ಅಷ್ಟರಲ್ಲಿ ಒದೀಲ್ ಚೀಸ್ ಪಾತ್ರೆ ಅವನ ಕೈಗಿತ್ತಳು. "ಬೀಳಿಸಿದೋರೇ ತೊಳೀಬೇಕು. ಅದೂ ನಿಯಮಾನೇ."

ತಳಕ್ಕೆ ಹಿಡಿದ ಚೀಸನ್ನು ಅವನು ಬಿಸಿನೀರಿನ ತೊಟ್ಟಿಯಲ್ಲಿ ಕಾಲುಗಂಟೆ ಉಜ್ಜಿದ. ಕೈ ಹೊರತೆಗೆದಾಗ ಗಡಿಯಾರದ ಗಾಜಿನೊಳಗೆ ಹಬೆ ಕೂತಿತ್ತು. ಮುಳ್ಳುಗಳು ನಿಂತಿದ್ದವು.

ನೀರು ಕುಡಿದ ಗಡಿಯಾರ ನಿಯಮದಂತೆ ಅವನ ಮೇಜಿಗೇ ಬಂತು. ಅವನೇ ತಂದ, ಅವನೇ ಫಾರಂ ತುಂಬಿದ. ಎಷ್ಟು ಆಳದಲ್ಲಿ? ಒಂದು ಗೇಣು. ತಿರುಪು? ಸಡಿಲ. ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು.

"ಇದೊಂದು ಸಲ ಕನಿಕರ ತೋರ್ಸಿ," ಎಂದಳು ಒದೀಲ್ ಮೆಲ್ಲಗೆ.

"ಎಲ್ಲಾ ಗಿರಾಕಿಗಳೂ ಹೀಗೇ ಹೇಳೋದು," ಎಂದು ಗೆದೆಯೊನ್ ಮುದ್ರೆ ಒತ್ತಿದ.