ಬೀಗ ಹಾಕಿದ ಮನೆಯ ಪ್ರೇಕ್ಷಕಿ

ಉತ್ತರ ಬೆಂಗಳೂರನ್ನು ನಗಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ನಮ್ಮ ಕಾರ್ಖಾನೆಯ ರಾಜ್ಯೋತ್ಸವದ ಮರುದಿನ. ಹಿಂದಿನ ಸಂಜೆ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಅವರು ಬರುವ ತನಕ ಏನಾದರೂ ಮಾತಾಡು ಎಂದು ನನ್ನನ್ನು ವೇದಿಕೆಗೆ ನೂಕಿದರು. "ನಮ್ಮ ವಿಭಾಗದಲ್ಲಿ ಗ್ರೀಸ್ ಮುಗಿದಿತ್ತು. ಕ್ಯಾಂಟೀನಿನ ಉಪ್ಪಿಟ್ಟು ಹಚ್ಚಿದೆವು. ಮಷೀನು ಇವತ್ತಿಗೂ ಸದ್ದಿಲ್ಲದೆ ಓಡುತ್ತಿದೆ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಆ ಉಪ್ಪಿಟ್ಟು ತಿಂದವರು ಎಂಬ ಸೂಕ್ಷ್ಮ ನನಗೆ ಹೊಳೆಯಲಿಲ್ಲ. ಸಿದ್ದಲಿಂಗ ಎಂಬ ಗದಗ ಕಡೆಯ ಒಬ್ಬ ಸಾಧಾರಣ ಫಿಟ್ಟರ್ ಆ ರಾತ್ರಿ ಮಲಗಿದ. ಬೆಳಗ್ಗೆ ಎದ್ದವನು ಹಾಸ್ಯ ಕಲಾವಿದ.

ನನ್ನ ಹೆಂಡತಿ ದಾಕ್ಷಾಯಣಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಯಾವುದನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡದೆ ಒಪ್ಪುವವಳಲ್ಲ.

"ಸ್ಟ್ಯಾಂಡಪ್ ಅಂದ್ರ ಏನ್ರೀ?"

"ನಿಂತು ಮಾತಾಡೂದು. ಜನ ನಗತಾರ."

"ಮನ್ಯಾಗ ಕುಂತು ಮಾತಾಡಿದ್ರ ಯಾರೂ ನಗಂಗಿಲ್ಲ. ನಿಂತ್ರ ನಗತಾರೇನು?"

ಈ ಪ್ರಶ್ನೆಗೆ ಉತ್ತರ ಹೆಬ್ಬಾಳದಲ್ಲಿ ಸಿಕ್ಕಿತು. ಅಲ್ಲಿ ಒಂದು ಕಾಫಿ ಅಂಗಡಿಯ ಮಹಡಿಯ ಮೇಲೆ ನಿರಂಜನ್ ಎಂಬ ಹುಡುಗ ಹೊಸಬರ ಹಾಸ್ಯ ಸ್ಪರ್ಧೆ ನಡೆಸುತ್ತಿದ್ದ. ಒಬ್ಬೊಬ್ಬರಿಗೆ ಐದು ನಿಮಿಷ. ಪ್ರೇಕ್ಷಕರೆಂದರೆ ಬಹುಪಾಲು ಸ್ಪರ್ಧಿಗಳೇ. ಎಲ್ಲರೂ ತಮ್ಮ ತಮ್ಮ ಮಾತನ್ನು ತುಟಿಯೊಳಗೇ ಗೊಣಗುತ್ತ, ಹೆಣ ಕಾಯುವವರ ಮುಖ ಹೊತ್ತು ಕುಳಿತಿದ್ದರು. "ಹೆಬ್ಬಾಳ ಫ್ಲೈಓವರ್‌ನಿಂದ ಎರಡು ದಾರಿ ಅದಾವ. ಒಂದು ವಿಮಾನ ನಿಲ್ದಾಣಕ್ಕ, ಇನ್ನೊಂದು ವೈರಾಗ್ಯಕ್ಕ" ಎಂದೆ. ಯಾರೂ ನಗಲಿಲ್ಲ. ಕೆಳಗೆ ಕಾಫಿ ಯಂತ್ರ ಮಾತ್ರ ಉಸ್ ಎಂದಿತು. ಅದೊಂದೇ ನನಗೆ ಬಂದ ಪ್ರತಿಕ್ರಿಯೆ.

ಇಳಿದು ಬಂದಾಗ ನಿರಂಜನ್ ಹೆಗಲ ಮೇಲೆ ಕೈ ಇಟ್ಟ. "ಅಣ್ಣಾ, ಮ್ಯಾಟರ್ ಇದೆ ಗುರು ನಿಮ್ ಹತ್ರ. ಪ್ರಾಕ್ಟೀಸ್ ಬೇಕು ಅಷ್ಟೆ. ಆರ್.ಟಿ. ನಗರದಲ್ಲಿ ಇನ್ನೊಂದಿದೆ, ಅದ್ಕೆ ಹೆಸರು ಬರ್ಕೊಳ್ಲಾ?"

ಬರೆದುಕೋ ಎಂದೆ. ಪ್ರಾಕ್ಟೀಸ್ ಶುರುವಾಯಿತು.

ನಾವಿರುವುದು ಜಾಲಹಳ್ಳಿಯ ಹಳೇ ಊರಿನ ಹಿಂದಿನ ಬೀದಿಯಲ್ಲಿ, ಕೆಳಗಿನ ಮನೆ. ಮೇಲಿನದಕ್ಕೆ ನಾವು ಬಂದಾಗಿನಿಂದ ಬೀಗ. ಓನರ್ ಚಿಕ್ಕಬೈರಪ್ಪ ಎದುರುಗಡೆ ಹೊಸ ಬಿಲ್ಡಿಂಗಿನಲ್ಲಿದ್ದಾರೆ. ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಫ್ಲ್ಯಾಟು ಬೆಳೆಯುತ್ತದೆ. ಮೊದಲ ಪಾಳಿ ಮುಗಿಸಿ ನಾನು ಮನೆ ಸೇರುವ ಹೊತ್ತಿಗೆ ದಾಕ್ಷಾಯಣಿ ಇನ್ನೂ ಶಾಲೆಯಲ್ಲಿರುತ್ತಾಳೆ. ಮಧ್ಯಾಹ್ನದ ಬಿಸಿಲು, ಬಾಗಿಲು ಹಾಕಿದ ಬೀದಿ, ಆಗಾಗ ವಾಯುಪಡೆಯ ವಿಮಾನವೊಂದರ ಗುಡುಗು. ಅದು ಹೋದ ಮೇಲೆ ಉಳಿಯುವ ಮೌನ ಮೊದಲಿಗಿಂತ ದಪ್ಪ. ಆ ಮೌನದಲ್ಲಿ ಬೀರುವಿನ ಕನ್ನಡಿಯ ಮುಂದೆ, ಬಾಚಣಿಗೆಯನ್ನು ಮೈಕಿನಂತೆ ಹಿಡಿದು ನಾನು ನಿಂತೆ.

"ನಮ್ಮೂರಾಗ ಹೊಂಟೆ ಅಂದ್ರ ಹೊಂಟ ಅಂತ ಅರ್ಥ. ಬೆಂಗಳೂರಾಗ ದಾರಿಯಲ್ಲಿದೀನಿ ಅಂದ್ರ ಇನ್ನೂ ಬಚ್ಚಲದಾಗ ಅದಾನ ಅಂತ ಅರ್ಥ."

ಯಾರೋ ನಕ್ಕರು.

ಸಣ್ಣ ನಗು. ಹೆಂಗಸಿನದು. ಸೆರಗನ್ನು ಬಾಯಿಗೆ ಒತ್ತಿಕೊಂಡರೆ ಬರುವಂಥದ್ದು. ಬಂದದ್ದು ಮೇಲಿನಿಂದ.

ಪಕ್ಕದ ಮನೆಯ ಟೀವಿ ಇರಬೇಕು ಅಂದುಕೊಂಡೆ. ಇನ್ನೊಂದು ಹೇಳಿದೆ. ಮತ್ತೆ ನಗು, ಈ ಸಲ ಸೆರಗು ಇಲ್ಲದೆ. ಮೂರನೆಯದಕ್ಕೆ ಗಹಗಹಿಸಿ ನಕ್ಕು, ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಬಾಚಣಿಗೆ ಹಿಡಿದೇ ಮೆಟ್ಟಿಲು ಹತ್ತಿದೆ. ಬೀಗ ತುಕ್ಕು ಹಿಡಿದಿತ್ತು. ಚಿಲಕದಿಂದ ಬಾಗಿಲ ಚೌಕಟ್ಟಿಗೆ ಜೇಡ ಕಟ್ಟಿದ ಬಲೆ ಎಲ್ಲೂ ಹರಿದಿರಲಿಲ್ಲ. ಕಿಟಕಿಯ ಗಾಜಿಗೆ ಕಣ್ಣು ಹಚ್ಚಿದೆ. ಬರಿಯ ನೆಲ, ನೆಲದ ಮೇಲೆ ದಟ್ಟ ಧೂಳು, ಧೂಳಿನ ಮೇಲೆ ಒಂದು ಹೆಜ್ಜೆ ಗುರುತೂ ಇಲ್ಲ. ನಾನು ಗಾಜಿನಿಂದ ಮುಖ ತೆಗೆಯುವಾಗ ಒಳಗೆ ಯಾರೋ ಕಿಸಕ್ಕೆಂದರು.

ಹತ್ತಿದ ಮೆಟ್ಟಿಲನ್ನು ಹೇಗೆ ಇಳಿದೆನೋ ನೆನಪಿಲ್ಲ. ಒಳಗೆ ಬಂದು ಬಾಗಿಲು ಹಾಕಿ, ನೀರು ಕುಡಿಯಹೋಗಿ ಅಂಗಿಯ ಮೇಲೆ ಸುರಿದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಮನೆ ಬಿಟ್ಟು ಓಡುತ್ತಿದ್ದರು. ಆದರೆ ಓದುಗರೇ, ಕಲಾವಿದನ ಕಷ್ಟ ನಿಮಗೆ ಗೊತ್ತಿಲ್ಲ. ಒದ್ದೆ ಅಂಗಿಯಲ್ಲೇ ನಿಂತ ನನ್ನ ತಲೆಯೊಳಗೆ ಒಂದೇ ಮಾತು: ಮೂರಕ್ಕೆ ಮೂರೂ ಜೋಕಿಗೆ ನಕ್ಕರು. ಇಡೀ ಹೆಬ್ಬಾಳಕ್ಕೆ ಇಲ್ಲದ ರಸಿಕತೆ ನಮ್ಮ ಅಟ್ಟದ ಮೇಲಿತ್ತು. ದೆವ್ವವೇ ಇರಲಿ, ಅಭಿರುಚಿ ಇರುವ ದೆವ್ವ.

ಮರುದಿನ ಕ್ರಾಪು ತೆಗೆದು, ಇಸ್ತ್ರಿ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಆಮೇಲೆ ಅದೇ ದಿನಚರಿಯಾಯಿತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಜೋಕಿಗೆ ಎಷ್ಟು ನಗುತ್ತಾರೆ, ಖಡಕ್ ರೊಟ್ಟಿಯ ಜೋಕಿಗೆ ಎಷ್ಟು ಎಂದು ಮೇಲಿನ ನಗುವಿನಿಂದಲೇ ಅಳೆಯತೊಡಗಿದೆ. ಕಡಿಮೆ ನಕ್ಕಿದ್ದನ್ನು ಕಿತ್ತೆಸೆದೆ.

ಒಂದು ದಿನ ನಗು ಮೊದಲೇ ಬಂದಿತು. "ಗೊರಗುಂಟೆಪಾಳ್ಯದಾಗ ಕೆಂಪು ದೀಪ ಬಿದ್ದಾಗ ನನಗ..." ಎಂದು ಹುಬ್ಬು ಹಾರಿಸಿದ್ದೆ, ಅಷ್ಟೆ. ಗಡ್ಡ ಇರಲಿಲ್ಲ ಎಂಬ ಮಾತು ಇನ್ನೂ ನನ್ನ ಬಾಯೊಳಗೇ ಇತ್ತು. ಮೇಲೆ ಕುಲುಕುಲು ನಗು. ನಾನು ಹೇಳಲಿಕ್ಕಿರುವುದು ಅವರಿಗೆ ಮೊದಲೇ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ನನ್ನ ಹಿಂದೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

ಕೂಗಿಕೊಂಡೆ. ಅವಳು ದಾಕ್ಷಾಯಣಿ. ಶಾಲೆ ಅಂದು ಬೇಗ ಬಿಟ್ಟಿತ್ತು. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು, ಕಣ್ಣು ಸೂರಿನ ಕಡೆ.

"ಯಾರ್ರೀ ಅದು, ನಕ್ಕಿದ್ದು?"

"ಮ್ಯಾಲಿನವರು."

"ಮ್ಯಾಲೆ ಯಾರೂ ಇಲ್ಲಲ್ಲ."

"ಇಲ್ಲ."

ಅವಳು ಗೋಡೆ ಹಿಡಿದು ಮೆಲ್ಲಗೆ ಕುಳಿತಳು. ಮೇಲೆ ಸದ್ದಿಲ್ಲ. ಯಾರೋ ಕೆಳಗಿನ ಜಗಳಕ್ಕೆ ಕಾದು ಕೂತಂತಿತ್ತು.

"ಎಷ್ಟು ದಿನದಿಂದ ನಡದೈತಿ ಇದು?"

"ಎಂಟ್ಹತ್ತು ದಿನ ಆತು."

"ನಾ ಸಾಲಿಗೆ ಹೋದಮ್ಯಾಲೆ."

"ಹೂಂ."

"ಇಸ್ತ್ರಿ ಅಂಗಿ ಹಾಕ್ಕೊಂಡು."

ನಾನು ಅಂಗಿ ನೋಡಿಕೊಂಡೆ.

"ನಾಳೆನ ಚಿಕ್ಕಬೈರಪ್ಪಗ ಹೇಳಿ ಶಾಂತಿ ಮಾಡಸ್ರಿ."

"ಸ್ಪರ್ಧಾ ಒಂದು ಮುಗೀಲಿ, ದಾಕ್ಷಾಯಣಿ. ಆಕಿ ಹ್ವಾದ್ಲು ಅಂದ್ರ ನನಗ ನಗವರು ಯಾರೂ ಉಳಿಯಂಗಿಲ್ಲ."

"ಆಕಿ," ಎಂದಳು ದಾಕ್ಷಾಯಣಿ. ಒಂದೇ ಪದ. ಎದ್ದು ಚೀಲಕ್ಕೆ ಸೀರೆ ತುಂಬಿದಳು. ಬಾಗಿಲಲ್ಲಿ ನಿಂತು ಹೇಳಿದಳು: "ಮಾಕಳಿಗೆ ನಮ್ಮಕ್ಕನ ಮನಿಗೆ ಹೊಂಟೀನಿ. ಈ ಮನ್ಯಾಗ ಆಕಿ ಇರ್ಲಿ, ಇಲ್ಲಾ ನಾ ಇರ್ತೀನಿ. ನಿಮಗ ಯಾರ ನಗು ಬೇಕು ನೋಡ್ಕೊಳ್ರಿ."

ನಾನು ತಡೆಯಬೇಕಿತ್ತು. ತಡೆಯುವ ಮಾತು ಹುಡುಕುವಷ್ಟರಲ್ಲಿ ಆಟೋ ಹೋಗಿತ್ತು.

ಒಬ್ಬನೇ ಉಳಿದ ಮೇಲೆ ತಿಳಿಯಿತು, ನಾನು ಒಬ್ಬನೇ ಇಲ್ಲ ಎಂದು. ನಗು ಈಗ ಜೋಕಿಗೆ ಕಾಯುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದು ನಾನು ಊದುತ್ತ ಕುಣಿದರೆ ಮೇಲೆ ನಗು. ಒಗೆದ ಲುಂಗಿ ಹಿಂಡಲು ಹೋಗಿ ಜಾರಿದರೆ ನಗು. ಮಂಚದ ಕಾಲಿಗೆ ಹೆಬ್ಬೆರಳು ಬಡಿದು ಒಂಟಿಕಾಲಲ್ಲಿ ನಿಂತಾಗ ಬಂದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಸುಮ್ಮನೆ ಅಲುಗಾಡದೆ ನಿಂತೆ, ನಿಂತಿತು. ಒಂದು ಹೆಜ್ಜೆ ಇಟ್ಟೆ. ಮೇಲೆ ಕಿಸಕ್ ಎಂದಿತು. ಮಾಕಳಿಗೆ ಫೋನು ಮಾಡಿದೆ. ದಾಕ್ಷಾಯಣಿಯ ಅಕ್ಕ ಚಂದ್ರವ್ವ ಎತ್ತಿದರು. "ಆಕಿ ಮಾತಾಡಂಗಿಲ್ಲಂತ. ನಿಮ್ಮ ಸ್ಪರ್ಧಾ ಆದಮ್ಯಾಲೆ ನೋಡೂಣಂತ," ಎಂದು ಇಟ್ಟುಬಿಟ್ಟರು.

ಸ್ಪರ್ಧೆಯ ಭಾನುವಾರ ಬಂದಿತು. ಆರ್.ಟಿ. ನಗರದಲ್ಲಿ ಒಂದು ಮದುವೆ ಛತ್ರದ ನೆಲಮಾಳಿಗೆ. ಮೇಲೆ ಮಧ್ಯಾಹ್ನವಷ್ಟೇ ಮದುವೆ ಮುಗಿದಿತ್ತು. ಕೆಳಗೆ ಬಾಡಿದ ಹೂವಿನ ವಾಸನೆ, ಬೆಳಕು ಕಡಿಮೆ, ಸಾಲು ಸಾಲು ಕೆಂಪು ಪ್ಲಾಸ್ಟಿಕ್ ಕುರ್ಚಿ. ಮುಂದೆ ಜನ, ಹಿಂದೆ ಕತ್ತಲು. ನಿರಂಜನ್ ನನ್ನ ಹೆಸರು ಕೂಗಿದ.

ಫ್ಲೈಓವರ್ ಹೇಳಿದೆ. ಮೌನ. ಬಚ್ಚಲು ಹೇಳಿದೆ. ಮುಂದಿನ ಸಾಲಿನವನೊಬ್ಬ ಮೊಬೈಲ್ ನೋಡತೊಡಗಿದ. ಇದೂ ಹೆಬ್ಬಾಳವೇ ಆಯಿತಲ್ಲ, ಇದಕ್ಕಾಗಿ ಹೆಂಡತಿಯನ್ನು ಮಾಕಳಿಗೆ ಕಳಿಸಿದೆನೇ ಎಂದುಕೊಂಡೆ. ಹುಬ್ಬು ಹಾರಿಸಿದೆ.

ಹಿಂದಿನ ಕತ್ತಲಿನಿಂದ ಆ ನಗು ಬಂದಿತು.

ಸೆರಗು ಒತ್ತಿಕೊಂಡ ಅದೇ ನಗು. ಸಭೆಯಲ್ಲಿದ್ದವರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು. ನಗು ಹೆಚ್ಚಾಯಿತು. ಗಹಗಹಿಸಿ, ಉಸಿರೆಳೆದು, ಮತ್ತೆ ಮೊದಲಿನಿಂದ. ಮತ್ತೆ ನನ್ನತ್ತ ತಿರುಗಿದವರ ಮುಖ ಬಿಳಿಚಿದ್ದನ್ನು ವೇದಿಕೆಯಿಂದ ಕಂಡೆ. ಒಬ್ಬಳು ಹುಡುಗಿ ಹೆದರಿಕೆಗೆ ಹಿಹಿ ಎಂದಳು. ಪಕ್ಕದವನು ಅವಳನ್ನು ನೋಡಿ ನಕ್ಕ. ಹೆದರಿ ನಕ್ಕರೂ ನಗು ನಗುವೇ. ನೆಗಡಿಯಂತೆ ಸಾಲಿನಿಂದ ಸಾಲಿಗೆ ಹಬ್ಬಿತು. ನನಗೆ ಎಲ್ಲ ಮರೆತುಹೋಗಿತ್ತು. ಬಾಯಿ ತೆರೆದರೆ ದನಿ ಬರಲಿಲ್ಲ. ಸುಮ್ಮನೆ ಮೀನಿನಂತೆ ತುಟಿ ಆಡಿಸಿದೆ. ಜನ ಕುರ್ಚಿಯಿಂದ ಜಾರಿದರು. ಕೊನೆಗೆ ಸಮಯ ಮುಗಿಯಿತೆಂಬ ಕೆಂಪು ದೀಪ ಹತ್ತಿದಾಗ ಕೈ ಮುಗಿದು ಇಳಿದೆ. ಅದಕ್ಕೂ ನಕ್ಕರು.

ಮೊದಲ ಬಹುಮಾನ ನನಗೆ. ಕಪ್ಪು ಕೊಡುವಾಗ ನಿರಂಜನ್ ಕಿವಿಯಲ್ಲಿ ಕೇಳಿದ: "ಅಣ್ಣಾ, ಹಿಂದೆ ನಗೋಕೆ ಜನ ಕರ್ಕೊಂಡ್ ಬಂದಿದ್ರಾ? ಟೈಮಿಂಗ್ ಸಕತ್ ಮಗಾ ಆಯಮ್ಮಂದು. ಆದ್ರೆ ವಿಡಿಯೋದಲ್ಲಿ ಅಲ್ಲಿ ಬರೀ ಕುರ್ಚಿ ಕಾಣ್ತಿದೆ. ಒಬ್ರೇ ಯಾರೋ ಲೇಡಿ, ಅವ್ರು ನಗ್ತಾನೇ ಇಲ್ಲ."

ಆ ಲೇಡಿ ದಾಕ್ಷಾಯಣಿ. ಮಾಕಳಿಯಿಂದ ಬಂದು, ನನಗೆ ಕಾಣದಂತೆ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಮೆಟ್ಟಿಲ ಹತ್ತಿರ ಸಿಕ್ಕಳು. ಕಣ್ಣು ಒದ್ದೆಯಾಗಿತ್ತು.

"ನೀವು ಸೋತ್ರ ಮನಿಗೆ ಕರಕೊಂಡು ಹೋಗಾಕ ಯಾರರ ಬೇಕಲ್ಲ ಅಂತ ಬಂದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ನಗು ನನ್ನ ಬಾಜೂ ಕುರ್ಚಿಯಿಂದ ಬಂತ್ರೀ."

"ನೀ ಏನು ಮಾಡಿದಿ?"

"ಕುರ್ಚಿ ಮ್ಯಾಲೆ ನನ್ನ ಬ್ಯಾಗ್ ಇತ್ತು. ತಗದು ತೊಡಿ ಮ್ಯಾಲೆ ಇಟ್ಕೊಂಡೆ. ಪಾಪ, ಅಷ್ಟು ದೂರದಿಂದ ಬಂದಾಳ, ಎಷ್ಟೊತ್ತು ನಿಂದರ್ತಾಳ?"

ವಾಪಸು ಬರುವ ಬಸ್ಸಿನಲ್ಲಿ ದಾಕ್ಷಾಯಣಿ ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟು ಕುಳಿತಳು. ಯಾರಾದರೂ ಕೇಳಿದರೆ "ಒಬ್ರು ಅದಾರ" ಎನ್ನುತ್ತಿದ್ದಳು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಕಂಡಕ್ಟರನ ತಕರಾರೂ ಇರಲಿಲ್ಲ. ಕಿಟಕಿ ಮುಚ್ಚಿತ್ತು, ಆದರೂ ಆ ಬದಿಯಿಂದ ತಣ್ಣನೆ ಗಾಳಿ ಸುಳಿಯುತ್ತಿತ್ತು.

ಮರುದಿನ ಬೆಳಗ್ಗೆ ಚಿಕ್ಕಬೈರಪ್ಪನವರೇ ಬಂದರು. "ಕಪ್ಪು ಗೆದ್ರಂತೆ," ಎಂದು ಸೋಫಾದ ಮೇಲೆ ಕುಳಿತರು. ಕಪ್ಪನ್ನು ಅವರ ಕಣ್ಣಿಗೆ ಬೀಳುವಂತೆ ಟೀಪಾಯಿಯ ಮೇಲಿಟ್ಟೆ. ದಾಕ್ಷಾಯಣಿ ಚಹಾ ಕೊಟ್ಟು ನೇರವಾಗಿ ಕೇಳಿದಳು: "ಮ್ಯಾಲಿನ ಮನ್ಯಾಗ ಮೊದಲ ಯಾರಿದ್ರು?"

ಅವರ ಕೈಯ ಲೋಟ ಅಲ್ಲೇ ನಿಂತಿತು. "ನಮ್ ಸೋದರತ್ತೆ, ಸುಬ್ಬಮ್ಮ. ನೀವ್ ಬರೋಕ್ ಮುಂಚೆ, ಓದ್ ವರ್ಸ ತೀರ್ಕೊಂಡ್ಲು. ಯಾಕಮ್ಮಾ?"

"ಭಾಳ ನಗತಿದ್ರೇನು?"

"ಬೀದಿಗೆಲ್ಲಾ ಕೇಳೋ ಅಂಗೆ ನಗಾಡೋಳು. ಅದೊಂದೇ ಅಲ್ವಾ ಆಯಮ್ಮಂಗೆ ಇದ್ದಿದ್ದು." ಅವರು ಸೂರಿನ ಕಡೆ ನೋಡಿ, ನನ್ನ ಕಡೆ ನೋಡಿದರು. "ನಿಮ್ಗೂ ಕೇಳಿಸ್ತಾ?"

ನನ್ನ ಎದೆ ಉಬ್ಬಿತು. ಸುಬ್ಬಮ್ಮ ಎಂಬ ಹೆಸರಿನ, ಇಹಪರಗಳೆರಡರಲ್ಲೂ ನನ್ನ ಕಲೆಯನ್ನು ಅರಿತ ಏಕೈಕ ಸಹೃದಯೆ. ಗಂಟಲು ಸರಿಪಡಿಸಿಕೊಂಡು ಹೇಳಿದೆ:

"ದೊಡ್ಡ ರಸಿಕರು ಅವರು. ಯಾವ ಜೋಕಿಗೆ ಎಷ್ಟು ನಗಬೇಕು ಅಂತ ಅಳತಿ ಗೊತ್ತಿತ್ತು. ನಾ ಹೇಳೂಕಿಂತ ಮೊದಲ ತಿಳಕೊಳ್ಳುವಷ್ಟು ಸೂಕ್ಷ್ಮ."

"ಜೋಕಾ?" ಎಂದರು ಚಿಕ್ಕಬೈರಪ್ಪ. "ಆಯಮ್ಮಂಗೆ ಉಟ್ದಾಗಿಂದ ಕಿವಿ ಕೇಳ್ತಿರ್ಲಿಲ್ಲ ಕಣ್ರೀ. ಪಕ್ಕದಲ್ಲಿ ತಮಟೆ ಬಡುದ್ರೂ ಗೊತ್ತಾಗ್ತಿರ್ಲಿಲ್ಲ."

ನಾನು ಬಾಯಿ ತೆರೆದೆ. ಹುಬ್ಬು ತಾನಾಗಿ ಮೇಲೇರಿತು. ದಾಕ್ಷಾಯಣಿಯೇ ಮೆಲ್ಲಗೆ ಕೇಳಿದಳು: "ಮತ್ತ ಯಾತಕ್ಕ ನಗತಿದ್ರು?"

ಚಿಕ್ಕಬೈರಪ್ಪ ನನ್ನನ್ನು ಬಹಳ ಹೊತ್ತು ನೋಡಿದರು.

"ಯಾರಾದ್ರೂ ಹುಬ್ಬು ಮೇಲಕ್ಕೆ ಮಾಡ್ಕೊಂಡು, ಬಾಯಿ ತೆಕ್ಕೊಂಡು ನಿಂತ್ರೆ ಸಾಕಾಗಿತ್ತು. ಈಗ ಇವ್ರು ನಿಂತವ್ರಲ್ಲ, ಇಂಗೆ."

ಮೇಲೆ ಯಾರೋ ನಕ್ಕರು. ನಾನು ಮುಖ ಸರಿಮಾಡಿಕೊಳ್ಳಲು ನೋಡಿದೆ. ನಗು ಇನ್ನೂ ಜೋರಾಯಿತು.